ಹಸುಳೆಯ ಮೊದಲ ಏಳು ದಿನಗಳು



ಹಂಪೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ವಿರೂಪಾಕ್ಷನ ಗೋಪುರ, ವಿಠ್ಠಲನ ಗುಡಿಯ ಕಲ್ಲಿನ ರಥ. ಹೊಸಪೇಟೆಯೆಂದರೆ ತುಂಗಭದ್ರೆಯ ಅಣೆಕಟ್ಟು. ಸಂಡೂರೆಂದರೆ ಕಬ್ಬಿಣದ ಅದಿರನ್ನು ಹೊಟ್ಟೆಯಲ್ಲಿಟ್ಟುಕೊಂಡ ಕೆಂಪು ಬೆಟ್ಟಗಳು. ಕಂಪ್ಲಿಯೆಂದರೆ ಭತ್ತದ ಗದ್ದೆ, ಕಬ್ಬಿನ ಹೊಲ. ಈ ಊರುಗಳ ವೈಭವವನ್ನು ಕುರಿತು ಕೇಳಲು ಎಲ್ಲರಿಗೂ ಇಷ್ಟ. ಆದರೆ ನಾವು ಈ ದಿನ ಆಡಬೇಕೆಂದಿರುವ ಮಾತು ಇದೇ ಊರುಗಳ ಕೂಲಿಕಾರರ ಕೇರಿಗಳಿಗೂ ಸಂಡೂರಿನ ಸುತ್ತಣ ಲಂಬಾಣಿ ತಾಂಡಗಳಿಗೂ ಸಂಬಂಧಪಟ್ಟದ್ದು. ಅಲ್ಲಿ ಹುಟ್ಟಿದ ಕೂಸುಗಳಲ್ಲಿ ಕೆಲವು ಹೆಸರಿಡುವ ಮುನ್ನವೇ, ತೊಟ್ಟಿಲನ್ನು ಏರುವ ಮುನ್ನವೇ ಇಲ್ಲವಾಗುತ್ತವೆ. ಇದು ಏಕೆ, ಇದನ್ನು ತಡೆಯುವುದು ಸಾಧ್ಯವೆ ಎಂಬುದೇ ನಮ್ಮ ಇಂದಿನ ವಿಚಾರ.

ಉತ್ತರ ಕರ್ನಾಟಕದ ಮನೆಗಳಲ್ಲಿ ಒಂದು ನಂಬಿಕೆಯುಂಟು. ಕೂಸು ಹುಟ್ಟಿದ ಐದನೆಯ ರಾತ್ರಿ ಸಟವಿ ತಾಯಿ ಬಂದು ಅದರ ಹಣೆಯ ಮೇಲೆ ಬರಹವನ್ನು ಬರೆದುಹೋಗುವಳಂತೆ. ಆ ರಾತ್ರಿ ದೀಪ ಹಚ್ಚಿ ಪೂಜೆಮಾಡುವರು, ತಾಯಿ ಮಗುವನ್ನು ಎಚ್ಚರದಿಂದ ಕಾಯುವರು. ಇದನ್ನು ಮೂಢನಂಬಿಕೆಯೆಂದು ನಕ್ಕುಬಿಡುವುದು ಸುಲಭ. ಆದರೆ ಇದರ ಹಿಂದೆ ಒಂದು ಕಹಿಯಾದ ಅನುಭವ ಇದ್ದಿರಬೇಕೆಂದು ನಮಗೆ ತೋರುತ್ತದೆ. ಹುಟ್ಟಿದಾಗ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಐದಾರು ದಿನಗಳ ಮೇಲೆ ಬಾಯಿ ತೆರೆಯಲಾರದೆ, ಮೈ ಸೆಡೆತು, ಬಿಲ್ಲಿನಂತೆ ಬಾಗಿ ಸಾಯುವುದನ್ನು ನಮ್ಮ ಹಿರಿಯರು ಮತ್ತೆ ಮತ್ತೆ ಕಂಡಿದ್ದರು. ಮೊದಲ ವಾರವೇ ಗಂಡಾಂತರದ ವಾರವೆಂದು ಅವರು ಅರಿತಿದ್ದರು. ಕಾರಣವನ್ನು ಮಾತ್ರ ಅರಿತಿರಲಿಲ್ಲ. ಆ ಕಾರಣ ಧನುರ್ವಾಯು. ಕುಡುಗೋಲು, ಹಳೆಯ ಬ್ಲೇಡು ಮೊದಲಾದವುಗಳಿಂದ ಹೊಕ್ಕುಳ ಬಳ್ಳಿಯನ್ನು ಕತ್ತರಿಸಿದಾಗ, ಕತ್ತರಿಸಿದ ತುದಿಗೆ ಬೂದಿಯನ್ನೋ ಸಗಣಿಯನ್ನೋ ಹಚ್ಚಿದಾಗ, ಮಣ್ಣಿನಲ್ಲಿರುವ ರೋಗಾಣು ಒಳಹೊಕ್ಕು ಈ ರೋಗವನ್ನು ಹುಟ್ಟಿಸುತ್ತಿತ್ತು.

ಬಸುರಿಗೆ ಚುಚ್ಚುಮದ್ದು, ಶುಚಿಯಾದ ಕೈ, ಹೊಸ ಬ್ಲೇಡು, ಶುಚಿಯಾದ ದಾರ, ಏನನ್ನೂ ಹಚ್ಚದ ಹೊಕ್ಕುಳು: ಇಷ್ಟರಿಂದಲೇ ಆ ಬರಹ ಅಳಿಸಿಹೋಯಿತು. ೨೦೧೫ರಲ್ಲಿ ಭಾರತದ ಒಂದೊಂದು ಜಿಲ್ಲೆಯಲ್ಲಿಯೂ ನವಜಾತ ಶಿಶುಗಳ ಧನುರ್ವಾಯು ಸಾವಿರ ಜನನಗಳಿಗೆ ಒಂದಕ್ಕಿಂತ ಕಡಿಮೆಯಾಗಿದೆಯೆಂದು ದೃಢಪಟ್ಟಿತು. ಲಕ್ಷಾಂತರ ಕೂಸುಗಳ ಹಣೆಯ ಬರಹವೆಂದು ಭಾವಿಸಿದ್ದುದು ನಿಜವಾಗಿ ಒಂದು ಬ್ಲೇಡಿನ ಶುಚಿತ್ವದ ಪ್ರಶ್ನೆಯಾಗಿತ್ತು. ಇಂದು ಉಳಿದಿರುವ ಸಾವುಗಳಲ್ಲಿಯೂ ಬಹುಪಾಲು ಹಣೆಯ ಬರಹವಲ್ಲ. ಅವು ತಾಯಿಯ ದೇಹಬಲದ, ಬೆಚ್ಚಗಿನ, ಸಮಯದ ಪ್ರಶ್ನೆಗಳು.

ಈಗ ಲೆಕ್ಕವನ್ನು ಸ್ವಲ್ಪ ನೋಡೋಣ. ಗರ್ಭದ ೨೮ನೆಯ ವಾರದಿಂದ ಹುಟ್ಟಿದ ಏಳನೆಯ ದಿನದವರೆಗಿನ ಕಾಲವನ್ನು ವೈದ್ಯರು ಪ್ರಸವದ ಆಸುಪಾಸಿನ ಕಾಲವೆಂದು ಎಣಿಸುವುದುಂಟು. ೨೦೨೨ರಲ್ಲಿ ಲೋಕದಲ್ಲಿ ಸುಮಾರು ೨೩ ಲಕ್ಷ ಕೂಸುಗಳು ಹುಟ್ಟಿದ ೨೮ ದಿನಗಳೊಳಗೆ ತೀರಿಕೊಂಡುವು. ಇಂಥ ಸಾವುಗಳಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲಿಯೇ ಸಂಭವಿಸುತ್ತವೆ. ಕರ್ನಾಟಕದಲ್ಲಿ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಜೀವಂತವಾಗಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು ೨೫ ಒಂದು ವರ್ಷ ತುಂಬುವುದರೊಳಗೆ ಸಾಯುತ್ತಿದ್ದುವು. ಅವುಗಳಲ್ಲಿ ಸುಮಾರು ೧೬ ಮೊದಲ ತಿಂಗಳಿನಲ್ಲಿಯೇ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ: ನೂರು ಹೆರಿಗೆಗಳಲ್ಲಿ ೯೭ ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಪ್ರಶ್ನೆ ಏಳದಿರದು. ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಬಂದುದಾಯಿತು. ಸಾವು ಏಕೆ ಹಿಂದೆ ಉಳಿಯಲಿಲ್ಲ?

ಉತ್ತರಕ್ಕಾಗಿ ಮೊದಲು ಹಸುಳೆಯ ದೇಹವನ್ನು ನೋಡಬೇಕು. ಗರ್ಭದಲ್ಲಿ ಶಿಶುವಿನ ಶ್ವಾಸಕೋಶಗಳು ನೀರಿನಿಂದ ತುಂಬಿರುತ್ತವೆ. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಆ ನೀರು ಹಿಂದೆ ಸರಿದು ಗಾಳಿ ತುಂಬಬೇಕು. ಹತ್ತು ಕೂಸುಗಳಲ್ಲಿ ಸುಮಾರು ಒಂಬತ್ತು ತಾವಾಗಿಯೇ ಅತ್ತು ಉಸಿರೆಳೆಯುತ್ತವೆ. ಒಂದಕ್ಕೆ ಸಹಾಯ ಬೇಕು. ಒಣಗಿಸಿ ಬೆನ್ನನ್ನು ತಿಕ್ಕುವುದು ಹೆಚ್ಚಿನವಕ್ಕೆ ಸಾಕು. ಕೆಲವಕ್ಕೆ ರಬ್ಬರಿನ ಚೀಲವೂ ಪುಟ್ಟ ಮುಖವಾಡವೂ ಕೂಡಿದ ಸಾಧನದಿಂದ ಮೆಲ್ಲಗೆ ಗಾಳಿಯನ್ನು ಒತ್ತಬೇಕು. ಆ ಸಹಾಯ ಮೊದಲ ಒಂದು ನಿಮಿಷದೊಳಗೆ ತೊಡಗಬೇಕು. ಸಾಧನ ಬೀರುವಿನಲ್ಲಿದ್ದು ಬೀಗದ ಕೈ ಮನೆಯಲ್ಲಿದ್ದರೆ, ಆ ಆಸ್ಪತ್ರೆಗೂ ಕಾಡಿಗೂ ಕೂಸಿನ ಪಾಲಿಗೆ ಭೇದವಿಲ್ಲ.

ಎರಡನೆಯದು ಬಿಸಿ. ತಾಯಿಯ ಒಡಲಿನಿಂದ ಒದ್ದೆಯಾಗಿ ಹೊರಬಂದ ಕೂಸು ಬಹು ಬೇಗ ತಣ್ಣಗಾಗುತ್ತದೆ. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಕೊಬ್ಬಿನ ಹೊದಿಕೆ ಕಡಿಮೆ. ತಣ್ಣಗಾದ ಕೂಸು ಬಿಸಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಒಳಗಿನ ಸಕ್ಕರೆಯನ್ನು ಉರಿಸಿಬಿಡುತ್ತದೆ. ಸಕ್ಕರೆ ತಗ್ಗಿದಾಗ ಚೀಪುವ ಶಕ್ತಿ ಕುಂದುತ್ತದೆ. ಚೀಪದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಬಿಸಿಯಿಲ್ಲ. ಬಳ್ಳಾರಿಯ ಬಿಸಿಲಿನ ಸೀಮೆಯಲ್ಲಿ ಕೂಸಿಗೆ ಚಳಿಯೇ ಎಂದು ಕೇಳುವವರಿರಬಹುದು. ದೊಡ್ಡವರಿಗೆ ಸೆಕೆಯಾಗಿರುವ ಕೋಣೆಯಲ್ಲಿಯೂ ಒದ್ದೆ ಮೈಯ ಕೂಸು ಫ್ಯಾನಿನ ಗಾಳಿಗೆ ತಣ್ಣಗಾಗುತ್ತದೆ. ಹುಟ್ಟಿದೊಡನೆ ನೀರೆರೆಯುವ ವಾಡಿಕೆಯೂ ಇದಕ್ಕೆ ಕಾರಣವಾದೀತು. ಮೊದಲ ಸ್ನಾನವನ್ನು ಒಂದು ದಿನವಾದರೂ ಮುಂದೂಡುವುದು ಲೇಸು.

ಮೂರನೆಯದು ಸೋಂಕು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು ಕೂಸಿನ ಬಾಯಿಗೆ ಸೇರಬೇಕು. ಹಳದಿಯ ಬಣ್ಣದ ಆ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ಅದರ ಬದಲು ಜೇನನ್ನೋ ಸಕ್ಕರೆಯ ನೀರನ್ನೋ ಹರಳೆಣ್ಣೆಯನ್ನೋ ನೆಕ್ಕಿಸುವುದುಂಟು. ಚೆಲ್ಲಿದ್ದು ರೋಗವನ್ನು ತಡೆಯುವ ಸತ್ವ. ಕೊಟ್ಟದ್ದು ರೋಗವನ್ನು ತರಬಹುದಾದ ದ್ರವ.

ಈ ಮೂರು ಅಪಾಯಗಳೂ ಹೆಚ್ಚಾಗಿ ಎರಗುವುದು ಯಾವ ಕೂಸಿಗೆ? ೩೭ ವಾರ ತುಂಬುವ ಮೊದಲೇ ಹುಟ್ಟಿದ ಕೂಸಿಗೆ, ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೂಸಿಗೆ. ಇಂಥ ಕೂಸು ಹುಟ್ಟುವುದಕ್ಕೆ ಬಡತನವೊಂದೇ ಕಾರಣವಲ್ಲ. ಆದರೆ ಬಡತನವು ತಾಯಿಯ ದೇಹದ ಮೂಲಕ ಈ ಸಂಭವವನ್ನು ಹೆಚ್ಚಿಸುತ್ತದೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ೪೫ಕ್ಕೂ ಹೆಚ್ಚು ಮಂದಿ ರಕ್ತಹೀನರು. ೨೦ರಿಂದ ೨೪ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ೨೧ ಮಂದಿಗೆ ೧೮ ತುಂಬುವ ಮೊದಲೇ ಮದುವೆಯಾಗಿತ್ತು. ತಾನೇ ಇನ್ನೂ ಬೆಳೆಯುತ್ತಿರುವ ಹುಡುಗಿ ಬಸುರಿಯಾದರೆ, ಒಂದೇ ತುತ್ತಿಗೆ ಎರಡು ದೇಹಗಳು ಕೈಚಾಚುತ್ತವೆ. ಒಂದು ಹೆರಿಗೆಯಾದ ಮೇಲೆ ಎರಡು ವರ್ಷ ಕಳೆಯುವುದರೊಳಗೆ ಮತ್ತೆ ಬಸುರಿಯಾದರೆ, ಬರಿದಾದ ಕಣಜ ತುಂಬುವುದಕ್ಕೆ ಅವಕಾಶವೇ ಇರುವುದಿಲ್ಲ. ರಕ್ತದ ಒತ್ತಡ, ಸಿಹಿಮೂತ್ರ, ಮೂತ್ರದ ಸೋಂಕು, ಅವಳಿ ಬಸಿರು, ಹಿಂದೆ ಒಂದು ಕೂಸನ್ನು ಕಳೆದುಕೊಂಡಿರುವುದು, ಇವೆಲ್ಲವೂ ಎಚ್ಚರಿಕೆಯ ಗುರುತುಗಳು. ಇದರೊಡನೆ ಬಿಸಿಲಿನ ದುಡಿಮೆಯಿದೆ. ಅತಿಯಾದ ತಾಪವು ಅಕಾಲದ ಹೆರಿಗೆಗೂ ಗರ್ಭದಲ್ಲಿಯೇ ಶಿಶು ಸಾಯುವುದಕ್ಕೂ ದಾರಿಮಾಡೀತೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಕಬ್ಬಿನ ಹೊಲದಲ್ಲಿ, ಭತ್ತದ ನಾಟಿಯಲ್ಲಿ, ಇಟ್ಟಿಗೆಯ ಗೂಡಿನಲ್ಲಿ ಏಳೆಂಟು ತಿಂಗಳ ಬಸುರಿಯೂ ದುಡಿಯುವುದನ್ನು ಆ ಸೀಮೆಯ ದಾರಿಯಲ್ಲಿ ಹೋದವರು ಕಂಡಿರಬಹುದು. ಒಂದು ದಿನ ಕುಳಿತರೆ ಒಂದು ದಿನದ ಕೂಲಿ ಇಲ್ಲ. ವಿಶ್ರಾಂತಿ ಪಡೆಯೆಂದು ಆಕೆಗೆ ಬುದ್ಧಿ ಹೇಳುವುದಕ್ಕಿಂತ, ಆ ದಿನದ ಅನ್ನವನ್ನು ಯಾರು ಕೊಡುವರೆಂದು ಕೇಳುವುದು ಮೇಲು.

ಇನ್ನು ಸಮಯದ ಮಾತು. ಹೆರಿಗೆಯ ಸಾವುಗಳನ್ನು ಅಭ್ಯಾಸಮಾಡಿದವರು ಮೂರು ವಿಳಂಬಗಳನ್ನು ಹೇಳುತ್ತಾರೆ: ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ವಿಳಂಬ, ತಲಪುವುದರಲ್ಲಿ ವಿಳಂಬ, ತಲಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ವಿಳಂಬ. ಈ ಮೂರಕ್ಕೂ ನಮ್ಮ ನಾಲ್ಕು ಊರುಗಳ ಸೀಮೆಯಲ್ಲಿ ನಿದರ್ಶನಗಳುಂಟು.

ಮೊದಲನೆಯದು ಮನೆಯೊಳಗಿನದು. ನೀರು ಒಡೆದರೂ, ಕಾಲು ಬಾತು ತಲೆನೋವು ಬಂದರೂ, ಹೊಟ್ಟೆಯಲ್ಲಿ ಕೂಸಿನ ಅಲುಗಾಟ ಕಡಿಮೆಯಾದರೂ ಗಂಡ ಹೊಲದಿಂದ ಬರಲಿ, ಅತ್ತೆ ಒಂದು ಮಾತು ಹೇಳಲಿ ಎಂದು ಸೊಸೆ ಕಾಯುತ್ತಾಳೆ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕೆಂಬುದು ನಮ್ಮ ಮಧುರವಾದ ಸಂಪ್ರದಾಯ. ಆದರೆ ಗಂಡನ ಊರಿನ ಆಶಾ ಕಾರ್ಯಕರ್ತೆ ಆಕೆ ತವರಿಗೆ ಹೋದಳೆಂದು ಪುಸ್ತಕವನ್ನು ಮುಚ್ಚುತ್ತಾಳೆ. ತವರೂರಿನವಳಿಗೆ ಆಕೆ ಬಂದುದು ತಿಳಿದೇ ಇರುವುದಿಲ್ಲ. ಕಬ್ಬು ಕಡಿಯುವುದಕ್ಕೆ ದೂರದ ಜಿಲ್ಲೆಗಳಿಗೆ ಗುಳೆ ಹೋಗುವ ಸಂಸಾರಗಳದು ಇನ್ನೂ ಕಷ್ಟದ ಸ್ಥಿತಿ. ತಾಯಿ ಕಾರ್ಡು ತಾಂಡದ ಪೆಟ್ಟಿಗೆಯಲ್ಲಿ, ತಾಯಿ ಯಾವುದೋ ಹೊಲದ ಗುಡಿಸಲಿನಲ್ಲಿ. ಅತ್ಯಂತ ಎಚ್ಚರ ಬೇಕಾದ ವಾರಗಳಲ್ಲಿಯೇ ಆಕೆ ಎಲ್ಲರ ಲೆಕ್ಕದಿಂದಲೂ ಜಾರಿಹೋಗುತ್ತಾಳೆ.

ಎರಡನೆಯದು ದಾರಿಯದು. ೨೦೦೮ರ ನವೆಂಬರ್ ೧ರಂದು ಕರ್ನಾಟಕದಲ್ಲಿ ೧೦೮ರ ಆಂಬ್ಯುಲೆನ್ಸು ಹೊರಟ ಮೇಲೆ ಈ ಕಷ್ಟ ಬಹಳ ತಗ್ಗಿತು. ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೂ ನದಿಯ ಸೀಮೆಗೆ ನದಿಯ ತೊಡಕುಗಳುಂಟು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಹೆಚ್ಚು ನೀರನ್ನು ಬಿಟ್ಟಾಗ ಕಂಪ್ಲಿಗೂ ಗಂಗಾವತಿಗೂ ನಡುವಣ ಸೇತುವೆ ಮುಳುಗಿ ಸಂಚಾರ ನಿಲ್ಲುವುದುಂಟು. ಎದುರು ದಡದಲ್ಲಿ ಕಾಣುವ ಊರಿಗೆ ಆಗ ಬಳಸು ದಾರಿಯೇ ಗತಿ. ಗಡಿಯ ಗೆರೆಯ ತೊಡಕು ಇನ್ನೊಂದು. ೧೯೪೯ರವರೆಗೆ ಸಂಡೂರು ಬೇರೆಯೇ ಒಂದು ಸಂಸ್ಥಾನವಾಗಿತ್ತು. ೨೦೨೧ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಮುಖ್ಯ ಪಟ್ಟಣವಾದಾಗ ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು. ಎರಡಕ್ಕೂ ಹೊಸಪೇಟೆಯೇ ಬಳ್ಳಾರಿಗಿಂತ ಹತ್ತಿರ. ಉಸಿರಿಗಾಗಿ ತವಕಿಸುವ ಕೂಸಿಗೆ ಜಿಲ್ಲೆಯ ಗಡಿ ತಿಳಿಯದು. ಅದನ್ನು ಕಳುಹಿಸಿಕೊಡುವವರು ಯಾವ ಜಿಲ್ಲೆಯದೆಂದು ನೋಡದೆ ಯಾವುದು ಸಮೀಪವೆಂದು ನೋಡಬೇಕು. ಹೊರಡುವ ಮೊದಲೇ ಅಲ್ಲಿಗೆ ದೂರವಾಣಿಯಲ್ಲಿ ತಿಳಿಸಬೇಕು. ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ ಅವಚಿ ಬೆಚ್ಚಗಿಡಬೇಕು.

ಮೂರನೆಯದು ಆಸ್ಪತ್ರೆಯೊಳಗಿನ ವಿಳಂಬ. ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲಿದೆ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಕೆಲವು ತಾಯಂದಿರು ತೀರಿಕೊಂಡ ಸಂಗತಿ ನಾಡನ್ನೇ ಕಲಕಿತು. ಬಾಗಿಲನ್ನು ದಾಟಿದ ಮಾತ್ರಕ್ಕೆ ತಾಯಿಯಾಗಲಿ ಕೂಸಾಗಲಿ ಕ್ಷೇಮವೆನ್ನಲಾಗದು. ಬಾಗಿಲ ಒಳಗೆ ಏನು ನಡೆಯುತ್ತದೆಂಬುದೇ ಮುಖ್ಯ. ಇದನ್ನು ಔಷಧದ ಒಂದು ಪ್ರಯೋಗವೂ ಸೊಗಸಾಗಿ ತೋರಿಸಿಕೊಟ್ಟಿದೆ. ಅಕಾಲದಲ್ಲಿ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಬೆಳಗಾವಿಯ ಪ್ರಾಂತವೂ ಸೇರಿದ್ದು, ಹಲವು ದೇಶಗಳಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಳ್ಳಿಯ ಮಟ್ಟದಲ್ಲಿ ಈ ಮದ್ದನ್ನು ವಿಸ್ತರಿಸಿದಾಗ ಕೂಸುಗಳ ಸಾವು ಕಡಿಮೆಯಾಗಲಿಲ್ಲ. ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆಯಿತು. ಅಲ್ಲಿ ಬಸಿರಿನ ವಾರಗಳನ್ನು ಸರಿಯಾಗಿ ಎಣಿಸಿ, ಹುಟ್ಟಿದ ಕೂಸಿಗೆ ತಕ್ಕ ಆರೈಕೆಯಿದ್ದ ಕಡೆ ಅದೇ ಮದ್ದು ಜೀವಗಳನ್ನು ಉಳಿಸಿತು. ಮದ್ದು ಒಂದೇ, ಫಲ ಎರಡು. ಅಂತರವಿದ್ದುದು ಮದ್ದಿನ ಸುತ್ತಣ ಆರೈಕೆಯಲ್ಲಿ.

ಇಷ್ಟು ಕೇಳಿದ ಮೇಲೆ ನಿರಾಶೆ ಪಡಬೇಕಾಗಿಲ್ಲ. ದಾರಿ ತೋರಿಸುವ ಕೆಲಸಗಳು ಹತ್ತಿರದಲ್ಲಿಯೇ ನಡೆದಿವೆ. ೨೦೧೨–೧೩ರಲ್ಲಿ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯತ್ನ ನಡೆಯಿತು. ಅನುಭವವುಳ್ಳ ದಾದಿಯರು ಕೇಂದ್ರದಿಂದ ಕೇಂದ್ರಕ್ಕೆ ಹೋಗಿ, ಅಲ್ಲಿನ ದಾದಿಯರ ಪಕ್ಕದಲ್ಲಿ ನಿಂತು, ಹೆರಿಗೆಯ ಪ್ರತಿಯೊಂದು ಹಂತವನ್ನೂ ಬರೆದಿಡುವ ಹಾಳೆಯೊಂದನ್ನು ಬಳಸುತ್ತ ಕೆಲಸವನ್ನು ಕಲಿಸಿದರು. ತಪ್ಪು ಹಿಡಿಯುವ ಅಧಿಕಾರಿಗಳಾಗಿ ಹೋಗದೆ ಜೊತೆಗಾರ್ತಿಯರಾಗಿ ಹೋದುದರಿಂದ ಕೇಂದ್ರಗಳ ಸಿದ್ಧತೆಯೂ ದಾದಿಯರ ತಿಳಿವಳಿಕೆಯೂ ಮೇಲಾದುವು.

ಹಂಪೆಯ ಎದುರು ದಡದ ಕೊಪ್ಪಳ ಜಿಲ್ಲೆಯಲ್ಲಿ ನಡೆದುದು ಇನ್ನೂ ಮನೋಜ್ಞವಾದ ಕೆಲಸ. ೧೯೭೮ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ, ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಬಟ್ಟೆಯಿಂದ ಕಟ್ಟುವ ಉಪಾಯವನ್ನು ತೊಡಗಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿ ಸಾಕುವಂತೆ ಇದು ತೋರುವುದರಿಂದ ಕಾಂಗರೂ ಆರೈಕೆಯೆಂಬ ಹೆಸರು ಬಂದಿತು. ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೂಸುಗಳಿಗೆ ಈ ಆರೈಕೆಯನ್ನು ಇಡೀ ಜಿಲ್ಲೆಯಲ್ಲಿ ದೊರಕಿಸುವ ಬಗೆಯನ್ನು ೨೦೧೬ರ ಮುಂದಿನ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯಡಿ ಕೊಪ್ಪಳದಲ್ಲಿ ಪರೀಕ್ಷಿಸಲಾಯಿತು. ಅಲ್ಲಿ ತಾಯಿಯೊಬ್ಬಳೇ ಅಲ್ಲ, ತಂದೆಯೂ ಅಜ್ಜಿಯೂ ಕೂಸನ್ನು ಎದೆಗೆ ಕಟ್ಟಿಕೊಳ್ಳಬಲ್ಲರೆಂದು ತಿಳಿಸಿಕೊಡಲಾಯಿತು. ಹುಟ್ಟಿದ ಕೂಡಲೇ ಇದನ್ನು ತೊಡಗಿದರೆ ಏನಾಗುವುದೆಂಬುದನ್ನು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು: ಸಾಧಾರಣ ಕ್ರಮದಲ್ಲಿ ಸತ್ತ ಕೂಸುಗಳು ನೂರಕ್ಕೆ ಸುಮಾರು ೧೬, ಕೂಡಲೇ ಎದೆಗೇರಿದವುಗಳಲ್ಲಿ ೧೨. ಇದಕ್ಕೆ ವಿದ್ಯುತ್ತು ಬೇಡ, ವಿದೇಶದ ಯಂತ್ರ ಬೇಡ. ಬೇಕಾದುದು ಒಂದು ಬಟ್ಟೆ, ತಾಯಿ ಮಲಗುವುದಕ್ಕೆ ಕೂಸಿನ ಪಕ್ಕದಲ್ಲಿ ಒಂದು ಮಂಚ, ಆಕೆಗೆ ಹೊತ್ತಿಗೆ ಸರಿಯಾಗಿ ಊಟ.

ಮನೆಗೆ ಬಂದ ಮೇಲಿನ ಆರೈಕೆಗೆ ಮಹಾರಾಷ್ಟ್ರದ ಗಡಚಿರೋಲಿ ಮಾದರಿಯಾಯಿತು. ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳಿಗೇ ಹಸುಳೆಯ ಉಸಿರನ್ನು ಎಣಿಸುವುದನ್ನೂ ತೂಕ ನೋಡುವುದನ್ನೂ ಸೋಂಕನ್ನು ಗುರುತಿಸುವುದನ್ನೂ ಕಲಿಸಿದರು. ೧೯೯೯ರಲ್ಲಿ ಪ್ರಕಟವಾದ ಅವರ ವರದಿಯಂತೆ ಅಲ್ಲಿ ನವಜಾತರ ಸಾವು ನೂರಕ್ಕೆ ೬೨ರಷ್ಟು ತಗ್ಗಿತು. ಇದರ ಆಧಾರದ ಮೇಲೆ ೨೦೧೧ರಿಂದ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನಗಳಲ್ಲಿ ಹೋಗಿ ನೋಡುವ ಏರ್ಪಾಡು ನಡೆದುಬಂದಿದೆ. ನಮ್ಮ ಸೂಲಗಿತ್ತಿಯರನ್ನೂ ಹಳಿಯಬೇಕಾದುದಿಲ್ಲ. ಪಾವಗಡದ ಸೀಮೆಯಲ್ಲಿ ೧೫,೦೦೦ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಸಂದಿತು. ಬಾಣಂತಿಯ ಪಕ್ಕದಲ್ಲಿ ಧೈರ್ಯ ಹೇಳುವ ಆ ನಂಬಿಕೆಯ ಕೈ ಇಂದಿನ ಆಸ್ಪತ್ರೆಗೂ ಬೇಕಾದದ್ದೇ.

ಕೊನೆಯದಾಗಿ, ನಗರವಾಸಿಗಳಾದ ನಮ್ಮಿಂದ ಏನಾದೀತು? ಮೊದಲನೆಯದು, ಅಪಾಯದ ಗುರುತುಗಳನ್ನು ತಿಳಿದು ತಿಳಿಸುವುದು. ಕೂಸು ಹಾಲು ಚೀಪದಿದ್ದರೆ, ಮೈ ತಣ್ಣಗಾದರೆ ಇಲ್ಲವೆ ಸುಡುತ್ತಿದ್ದರೆ, ನಿಮಿಷಕ್ಕೆ ೬೦ ಅಥವಾ ಅದಕ್ಕೂ ಹೆಚ್ಚು ಬಾರಿ ಉಸಿರಾಡಿದರೆ, ಎದೆ ಒಳಕ್ಕೆ ಸೆಳೆದರೆ, ಅಂಗಾಲು ಹಳದಿಯಾದರೆ, ಹೊಕ್ಕುಳು ಕೆಂಪಾಗಿ ಕೀವಾದರೆ, ಸೆಳೆತ ಬಂದರೆ, ನಾಳೆ ನೋಡೋಣವೆನ್ನದೆ ಆ ಗಳಿಗೆಯೇ ಹೊರಡಬೇಕು. ಎರಡನೆಯದು, ನಮ್ಮ ಮನೆಯ ಪಾತ್ರೆ ತೊಳೆಯುವ, ನಮ್ಮ ಕಟ್ಟಡಕ್ಕೆ ಕಲ್ಲು ಹೊರುವ ಹೆಣ್ಣುಮಗಳು ಬಸುರಿಯಾದಾಗ, ಆಸ್ಪತ್ರೆಗೆ ಹೋಗುವ ದಿನದ ಕೂಲಿಯನ್ನು ಕತ್ತರಿಸದಿರುವುದು. ಕೊನೆಯ ತಿಂಗಳುಗಳಲ್ಲಿ ಭಾರವಾದ ಕೆಲಸವನ್ನು ಆಕೆಗೆ ಹೊರಿಸದಿರುವುದು. ಮೂರನೆಯದು, ಪ್ರತಿಯೊಂದು ಸಾವನ್ನೂ ಎಣಿಸಬೇಕೆಂದು ಒತ್ತಾಯಿಸುವುದು. ಹೆಸರಿಡುವ ಮುನ್ನ ಸತ್ತ ಕೂಸನ್ನು ಸದ್ದಿಲ್ಲದೆ ಮಣ್ಣುಮಾಡಿ ಮರೆಯುವುದು ವಾಡಿಕೆ. ಸತ್ತೇ ಹುಟ್ಟಿತೆಂದು ಬರೆದುಕೊಂಡರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಎಣಿಸದ ಸಾವಿಗೆ ಕಾರಣವನ್ನು ಯಾರೂ ಹುಡುಕರು. ಕಾರಣವನ್ನು ಹುಡುಕದ ಸಾವು ಮತ್ತೆ ಅದೇ ಮನೆಗೆ ಬರುತ್ತದೆ.

ಸಟವಿ ತಾಯಿಗೆ ಹಚ್ಚುವ ದೀಪವನ್ನು ಯಾರೂ ಆರಿಸಬೇಕಾಗಿಲ್ಲ. ಐದನೆಯ ರಾತ್ರಿ ತಾಯಿ ಮಗುವನ್ನು ಎಚ್ಚರದಿಂದ ಕಾಯಬೇಕೆಂಬ ಹಿರಿಯರ ಬುದ್ಧಿ ಒಳ್ಳೆಯದೇ. ಆ ಎಚ್ಚರವು ಐದನೆಯ ರಾತ್ರಿಯವರೆಗೆ ಕಾಯದೆ, ಬಸುರಿನ ಮೊದಲ ತಿಂಗಳಿನಿಂದಲೇ ತೊಡಗಿ, ಮನೆಯಿಂದ ದಾರಿಗೆ, ದಾರಿಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮರಳಿ ಮನೆಗೆ ಕಡಿಯದೆ ನಡೆದುಬರಲಿ. ಹಾಗಾದರೆ ಹಣೆಯ ಮೇಲಿನ ಬರಹವನ್ನು ನೆವವಾಗಿ ಹೇಳಬೇಕಾದ ಮನೆಗಳು ಈ ಸೀಮೆಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾದಾವೆಂದು ನಾವು ನಂಬುತ್ತೇವೆ.